ಕಲ್ಲಾದ ಚಿಪ್ಪುಗಳೂ ನನ್ನ ಸೂಜಿಯೂ

ನನ್ನ ಹಣೆ ಬರೆಯೋ ಹೊತ್ತಿಗೆ ಬ್ರಹ್ಮನಿಗೆ ನಗು ಬಂದಿರಬೇಕು. ನಾನು ಅಳಬೇಕಾದ ಜಾಗಕ್ಕೆಲ್ಲ ಯಾರಾದರೂ ಬಂದು, ಸುತ್ತ ಇದ್ದವರು ಹೊಟ್ಟೆ ಹಿಡಿದು ನಗುವಂಥ ಮಾತು ಆಡಿ ಹೋಗುತ್ತಾರೆ. ಇದು ಒಂದು ಸಲ ಆಗಿದ್ದಲ್ಲ, ವರ್ಷಗಟ್ಟಲೆ ಬಿಡದೆ ಆಯಿತು. ಆಗ ನಕ್ಕವರು ಅವರು. ನಾನು ನಗೋದು ಕಲಿತದ್ದು ಈಚೆಗೆ.

ನಾನು ನ್ಯಾಮತಿಯ ಅಕ್ಕಸಾಲಿ. ದೊಡ್ಡ ಯುದ್ಧ ಶುರುವಾಗೋಕೆ ನಾಲ್ಕೈದು ವರ್ಷ ಮುಂಚೆ ಒಂದು ಗಣಿ ಕಂಪನಿಯವರು ನಮ್ಮ ಸೀಮೆಗೆ ಬಂದರು. ಹೊನ್ನಾಳಿ ಕಡೆ ಚಿನ್ನ ಸಿಗುತ್ತದೋ, ಚನ್ನಗಿರಿ ಗುಡ್ಡಗಳಲ್ಲಿ ಬೇರೆ ಏನಾದರೂ ಇದೆಯೋ ಅಂತ ಹುಡುಕೋದು ಅವರ ಕಸುಬು. ಅವರ ಜೊತೆ ಕಲ್ಲು ಪರೀಕ್ಷೆ ಮಾಡುವ ಒಬ್ಬ ದೊಡ್ಡ ಮನುಷ್ಯರಿದ್ದರು. ಮೈಸೂರು ಕಡೆಯವರು, ಇಂಗ್ಲಿಷ್ ಓದಿದವರು, ಬಿಸಿಲಲ್ಲಿ ಟೋಪಿ ಹಾಕಿಕೊಂಡು ಸುತ್ತಿಗೆ ಹಿಡಿದು ತಿರುಗುವವರು. ಜನ ಅವರಿಗೆ ಕಲ್ಲು ಸಾಹೇಬ್ರು ಅಂತಿದ್ದರು. ನನ್ನ ಕಥೆಯೆಲ್ಲ ಅವರ ಹಿಂದೆ ಹೋದ ಕಥೆ.

ಹುಣಸೇನೀರು

ಸಾಹೇಬರು ಮೊದಲ ಸಲ ನನ್ನ ಅಂಗಡಿಗೆ ಬಂದದ್ದು ಉಂಗುರ ಮಾಡಿಸೋಕೆ ಅಲ್ಲ. ಜಗಲಿ ಮೇಲೆ ಕೂತು, ನಾನು ಮೂಗುಬೊಟ್ಟಿಗೆ ಹರಳು ಕೂರಿಸೋದನ್ನ ಅರ್ಧ ಗಂಟೆ ಮಾತಿಲ್ಲದೆ ನೋಡಿದರು. ಆಮೇಲೆ ಕರವಸ್ತ್ರದಲ್ಲಿ ಸುತ್ತಿದ್ದ ಒಂದು ಕಪ್ಪೆಚಿಪ್ಪು ತೆಗೆದು ನನ್ನ ಅಂಗೈಯಲ್ಲಿಟ್ಟರು. ಆಕಾರ ಚಿಪ್ಪಿನದು, ತೂಕ ಕಲ್ಲಿನದು.

"ಇದು ಸಮುದ್ರದ ಚಿಪ್ಪು, ಆಚಾರಿ. ಒಂದಾನೊಂದು ಕಾಲದಲ್ಲಿ ತಮಿಳು ಸೀಮೆಯ ಒಳಗಿನ ತನಕ ಸಮುದ್ರ ಇತ್ತು. ಅದು ಹಿಂದೆ ಸರಿದ ಮೇಲೆ ಇವೆಲ್ಲ ಮಣ್ಣಿನಡಿ ಸಿಕ್ಕಿ ಕಲ್ಲಾಗಿ ಹೋದವು. ಅಲ್ಲಿ ಕೆಲಸದಲ್ಲಿದ್ದಾಗ ನಾನೇ ಅಲೆದು ಮೂರು ಪೆಟ್ಟಿಗೆ ತಂದಿದ್ದೀನಿ. ಆದರೆ ನೋಡು, ಮೇಲೆಲ್ಲ ಈ ಗಲೀಜು."

ಗಲೀಜು ಅಂದರೆ ಬರೀ ಮಣ್ಣಲ್ಲ. ಚಿಪ್ಪು ಸಮುದ್ರದಲ್ಲಿದ್ದಾಗಲೇ ಅದರ ಬೆನ್ನ ಮೇಲೆ ಬೇರೆ ಸಣ್ಣ ಪ್ರಾಣಿಗಳು ಬಂದು ಮನೆ ಕಟ್ಟಿಕೊಂಡಿದ್ದವು. ಹುಳುವಿನ ಕೊಳವೆ, ಜಾಲರಿಯಂಥ ಹಕ್ಕಳೆ, ಉಗುರಿನಷ್ಟು ಮರಿ ಚಿಪ್ಪು. ಕರೆಯದೆ ಬಂದು ಹೋಗದೆ ಉಳಿದ ಬೀಗರ ಹಾಗೆ ಎಲ್ಲ ಅಲ್ಲೇ ಕಲ್ಲಾಗಿದ್ದವು. ಅವುಗಳ ಮೇಲೆ ಸುಣ್ಣದ ಗಾರೆ ಕೂತಿತ್ತು. ಇದನ್ನೆಲ್ಲ ಬಿಡಿಸಿದರೆ ಮಾತ್ರ ಅಡಿಯ ಚಿಪ್ಪಿನ ಗೆರೆ ಕಾಣೋದು. ಗೆರೆ ಕಂಡರೆ ಮಾತ್ರ ಅದು ಯಾವ ಜಾತಿಯದು ಅಂತ ಹೇಳೋಕೆ ಆಗೋದು.

"ಚಿಪ್ಪಿಗೆ ಒಂದು ಗೀರೂ ಬೀಳಬಾರದು. ಆಗುತ್ತಾ?" ಅಂದರು.

"ಅಳದ ಹಂಗೆ ಮಕ್ಕಳ ಕಿವಿ ಚುಚ್ತೀನಿ ಸ್ವಾಮಿ, ಇದೇನು ಮಹಾ?" ಅಂದೆ. ನನ್ನ ಬದುಕು ಹಾಳು ಮಾಡಿದ ಮಾತು ಅದೇ.

"ಬರೀ ನೀರು ಸಾಕು. ಬೇರೇನೂ ಮುಟ್ಟಿಸಬೇಡ" ಅಂತ ಹೇಳಿ ಹೋದರು. ನನಗೆ ಒಳಗೊಳಗೇ ನಗು. ಕರ್ರಗಾದ ಬೆಳ್ಳಿ ಕಾಲಂದಿಗೆಯನ್ನ ಬರೀ ನೀರಲ್ಲಿ ತೊಳೆಯೋ ಅಕ್ಕಸಾಲಿ ಎಲ್ಲಾದರೂ ಇದಾನೆಯೇ? ಗಟ್ಟಿಯಾಗಿ ಹುಣಸೇಹಣ್ಣು ಕಿವುಚಿದೆ, ಎರಡು ಹನಿ ತೇಜಾಬು, ಅದೇ ಆಸಿಡ್ಡು, ಬಿಟ್ಟೆ, ಚಿಪ್ಪನ್ನ ಅದರಲ್ಲಿ ಮುಳುಗಿಸಿ ಉಣ್ಣೋಕೆ ಹೋದೆ. ಹೋಗುವಾಗಲೇ ಅದು ಸೋಡಾ ಬುಗ್ಗೆಯ ಹಾಗೆ ಬುಸುಗುಟ್ಟುತ್ತಿತ್ತು. ಕೊಳೆ ಬಿಡ್ತಾ ಇದೆ ಅಂತ ಖುಷಿಪಟ್ಟೆ.

ಬಂದು ತೆಗೆದರೆ ಕೊಳೆಯೂ ಇಲ್ಲ, ಗೆರೆಯೂ ಇಲ್ಲ. ಮಗು ಚೀಪಿ ಉಗಿದ ಪೆಪ್ಪರಮೆಂಟಿನ ಹಾಗೆ ನುಣ್ಣಗಾಗಿತ್ತು. ಮೇಲಿನದೂ ಸುಣ್ಣ, ಅಡಿಯದೂ ಸುಣ್ಣ. ಹುಳಿಗೆ ಒಂದನ್ನ ತಿಂದು ಇನ್ನೊಂದನ್ನ ಬಿಡೋಕೆ ಬರಲ್ಲ.

ಸಾಯಂಕಾಲ ಸಾಹೇಬರು ಅದನ್ನ ತಿರುಗಿಸಿ ಮುರುಗಿಸಿ ನೋಡಿದರು. ಬೈತಾರೆ ಅಂತ ತಲೆ ಬಗ್ಗಿಸಿ ನಿಂತೆ. ಅವರು ಬೈಯಲಿಲ್ಲ.

"ಸಮುದ್ರ ತಡ್ಕೊಂಡಿತ್ತು, ಭೂಕಂಪ ತಡ್ಕೊಂಡಿತ್ತು, ಕೋಟಿ ಕೋಟಿ ವರ್ಷ ತಡ್ಕೊಂಡಿತ್ತು ಆಚಾರಿ" ಅಂದರು. "ನಿನ್ನ ಹತ್ರ ಮಧ್ಯಾಹ್ನದ ಊಟದ ತನಕ ತಡೀಲಿಲ್ಲ."

ಹೊನ್ನಾಳಿಯಲ್ಲಿ ಸಿಕ್ಕ ಹೊಗಳಿಕೆ

ಇಷ್ಟಾದರೂ ಅವರು ನನ್ನನ್ನ ಬಿಡಲಿಲ್ಲ. ಇಂಥ ಸಣ್ಣ ಕೆಲಸದ ಕೈ ಬೇರೆ ಸಿಗಲಿಲ್ಲವೋ, ಕೆಡಿಸಿದವನೇ ಸರಿಮಾಡಲಿ ಅಂತಲೋ. ಅಂಗಡಿಗೆ ಬೀಗ ಹಾಕಿ, ಹೆಂಡತಿಯನ್ನ ಗೋವಿನಕೋವಿಯ ತವರಲ್ಲಿ ಬಿಟ್ಟು, ಹೊನ್ನಾಳಿಯಲ್ಲಿ ಅವರು ಹಿಡಿದಿದ್ದ ಬಂಗಲೆಗೆ ಹೋದೆ.

ಕೆಲಸ ಅಲ್ಲಿ ಕಲಿತೆ. ಚಿಪ್ಪನ್ನ ಎರಡು ದಿನ ನೀರಲ್ಲಿ ನೆನೆಹಾಕೋದು. ಮರಳು ತುಂಬಿದ ಪುಟ್ಟ ಚೀಲದ ಮೇಲೆ ಅಲುಗಾಡದ ಹಾಗೆ ಕೂರಿಸೋದು. ಭೂತಗನ್ನಡಿ ಹಿಡಿದು, ಕರೆಯದ ಬೀಗರು ಎಲ್ಲಿ ಅಂಟಿದ್ದಾರೋ ಆ ಅಂಚು ಹುಡುಕೋದು. ಅಂಚಿಗೆ ಸೂಜಿ ಇಟ್ಟು ಹೊರಗಡೆಗೆ ಒತ್ತೋದು. ಒಳಗಡೆಗೆ ಒತ್ತಿದರೆ ಮುಗೀತು, ಗೀರು. ಸಾಸಿವೆಯಷ್ಟು ಚಕ್ಕೆ ಎದ್ದರೆ ಊದುಕೊಳವೆಯಿಂದ ಊದೋದು. ಬಿರುಕು ಬಿಟ್ಟ ಕಡೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನ ಒಂದು ಹನಿ ಕುಡಿಸೋದು. ಒಂದು ಚಿಪ್ಪಿಗೆ ಎಂಟು ದಿನ, ಹತ್ತು ದಿನ.

ಆದರೆ ಊರಿನವರಿಗೆ ಕಂಡದ್ದು ಬೇರೆ. ಚಿನ್ನ ಹುಡುಕೋ ಕಂಪನಿಯ ಬಂಗಲೆ, ಒಳಗೊಬ್ಬ ಅಕ್ಕಸಾಲಿ, ಬೆಳಗಿಂದ ಸಂಜೆ ತನಕ ಸೂಜಿ ಹಿಡಿದು ಕಲ್ಲು ಕೆರೀತಾನೆ. ಕಲ್ಲಿನೊಳಗೆ ಏನಿರಬೇಕು ಹೇಳಿ? ಮೇಲಾಗಿ ನಮ್ಮ ಜಾತಿಗೆ ಗಾದೆ ಬೇರೆ ಅಂಟಿಕೊಂಡಿದೆ: ಅಕ್ಕನ ಚಿನ್ನವಾದರೂ ಅಕ್ಕಸಾಲಿ ಗುಂಜಿ ತೂಕ ಕದಿಯದೆ ಬಿಡ ಅಂತ. ನನಗೆ ಅಕ್ಕ ಇಲ್ಲ. ಗಾದೆ ಅದನ್ನೆಲ್ಲ ವಿಚಾರಿಸುವುದಿಲ್ಲ.

ಅಕ್ಕಸಾಲಿಗಳ ಅಂಗಡಿ ಗುಡಿಸಿದ ಕಸವನ್ನ ಒಯ್ದು ನೀರಲ್ಲಿ ಜಾಲಿಸಿ, ಉದುರಿದ ಚಿನ್ನದ ಪುಡಿ ತೆಗೆಯೋ ಜನ ಇದ್ದಾರೆ, ಜಲಗಾರರು. ಅವರಲ್ಲಿ ಒಬ್ಬ ವಯಸ್ಸಾದ ಹೆಂಗಸು ಬಂಗಲೆ ಹಿತ್ತಿಲಿಗೆ ಬಂದಳು.

"ಆಚಾರ್ರೇ, ನಿಮ್ಮ ಕಸ ನನಗೇ ಬೇಕು. ಬೇರೆ ಯಾರಿಗೂ ಕೊಡಬ್ಯಾಡ್ರಿ."

"ಅದರಾಗೆ ಸುಣ್ಣದ ಪುಡಿ ಬಿಟ್ಟು ಏನೂ ಇಲ್ಲವ್ವ."

"ಎಲ್ಲ ಅಕ್ಕಸಾಲಿಗಳೂ ಹಂಗೇ ಅಂತಾರೆ" ಅಂತ ಕಣ್ಣು ಮಿಟುಕಿಸಿದಳು.

ಎಷ್ಟು ಹೇಳಿದರೂ ಕೇಳದೆ ಒಂದು ಗೋಣಿಚೀಲ ಹೊತ್ತುಕೊಂಡು ಹೋದಳು. ಹೊಳೆಯಲ್ಲಿ ಸೊಂಟದ ತನಕ ನಿಂತು ಮೂರು ದಿನ ಜಾಲಿಸಿದಳಂತೆ. ನಾಲ್ಕನೇ ದಿನ ಬಂದು ನನ್ನ ಮುಂದೆ ಏನನ್ನೋ ಟಣ್ಣೆಂದು ಎಸೆದಳು. ನನ್ನದೇ ಮುರಿದ ಸೂಜಿಯ ತುದಿ.

"ನಲವತ್ತು ವರ್ಷದಿಂದ ಅಕ್ಕಸಾಲಿಗಳ ಕಸ ತೊಳೆದೀನಿ" ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗಿದಳು. "ಇಂಥ ಪ್ರಾಮಾಣಿಕ ಮುಂಡೇಮಗನ್ನ ಎಲ್ಲೂ ಕಾಣ್ಲಿಲ್ಲ!"

ನನ್ನ ಜೀವಮಾನದಲ್ಲಿ ಒಬ್ಬರು ನನ್ನನ್ನ ಪ್ರಾಮಾಣಿಕ ಅಂದದ್ದು ಅದೊಂದೇ ಸಲ. ಅದೂ ಬೈಗುಳವಾಗಿ.

ಚನ್ನಗಿರಿಯ ಸಾಲಿಗ್ರಾಮ

ಹೊನ್ನಾಳಿಯಲ್ಲಿ ಕಂಪನಿಗೂ ಏನೂ ಸಿಗಲಿಲ್ಲ. ಬಿಡಾರ ಚನ್ನಗಿರಿಗೆ ಎದ್ದಿತು, ಪೆಟ್ಟಿಗೆಗಳ ಹಿಂದೆ ನಾನೂ.

ಅಲ್ಲಿ ಸಾಹೇಬರು ಒಂದು ಸುರುಳಿ ಚಿಪ್ಪು ಕೊಟ್ಟರು. ಮಲಗಿದ ಹಾವು ಸಿಂಬಿ ಸುತ್ತಿದ ಹಾಗೆ ಅದರ ಆಕಾರ. ಮೇಲೆ ಹುಳುವಿನ ಕೊಳವೆಗಳು ಒಂದರ ಮೇಲೊಂದು ಬಿದ್ದಿದ್ದವು. ಹನ್ನೊಂದು ದಿನ ಕೂತು ಒಂದೊಂದನ್ನೂ ಎಬ್ಬಿಸಿದೆ. ಕೊನೆಗೆ ಅಡಿಯಿಂದ ಎಲೆಯಂಚಿನಂಥ ಗೆರೆಗಳು ಮೂಡಿದವು. ಯಾವ ಅಕ್ಕಸಾಲಿಯ ಅಪ್ಪನಿಗೂ ಕೊರೆಯೋಕೆ ಬಾರದ ಗೆರೆಗಳು. ಅದನ್ನ ಕಿಟಕಿಯ ಮೇಲಿಟ್ಟು ಸುಮ್ಮನೆ ನೋಡ್ತಾ ಕೂತಿದ್ದೆ.

ಆ ಕಿಟಕಿ ಬೀದಿಗಿತ್ತು. ಬೀದಿಯಲ್ಲಿ ಹೋಗುತ್ತಿದ್ದ ಅರ್ಚಕರೊಬ್ಬರು ನಿಂತರು.

"ಅಯ್ಯೋ, ಇದು ಸಾಲಿಗ್ರಾಮ ಅಲ್ವೇನೋ! ಚಕ್ರ ಎಷ್ಟು ಸ್ಫುಟವಾಗಿದೆ! ಇಷ್ಟು ಚೆನ್ನಾಗಿ ಶುಚಿ ಮಾಡಿದವರು ಯಾರು?"

"ನಾನೇ ಸ್ವಾಮಿ" ಅಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಅವರ ಮುಖ ಹುಳ್ಳಗಾಯಿತು. "ನೀನು ಮುಟ್ಟಿದೆಯಾ?"

"ಮುಟ್ಟದೆ ಹೆಂಗೆ ಕೆರೆಯಾಕೆ ಬರ್ತೈತೆ?"

ನಮಗೂ ಜನಿವಾರ ಇದೆ, ನಾವೂ ಗಾಯತ್ರಿ ಹೇಳುತ್ತೀವಿ. ಅದನ್ನ ಹೇಳಿದರೆ ಅವರು ಇನ್ನೊಂದು ಹೆಜ್ಜೆ ಹಿಂದೆ ಹೋಗ್ತಿದ್ದರು, ಅದಕ್ಕೆ ಹೇಳಲಿಲ್ಲ. ಹನ್ನೊಂದು ದಿನ ಕಣ್ಣಿಟ್ಟು ಕೆರೆದವನ ಕೈ ಮೈಲಿಗೆ, ಈಗ ನೋಡಿದವರ ಕಣ್ಣು ಮಡಿ. ಅವರು ಒಳಗೆ ಹೋಗಿ ಸಾಹೇಬರನ್ನೇ ಕೇಳಿದರು: ದೇವರನ್ನ ಗುಡಿಗೆ ಕೊಡಿ, ದೋಷಕ್ಕೆ ಪರಿಹಾರ ನಾವು ಮಾಡಿಕೊಳ್ತೀವಿ, ಪಂಚಾಮೃತದಲ್ಲಿ ಅಭಿಷೇಕ ಮಾಡಿದರೆ ಸರಿಹೋಗುತ್ತೆ. ಇಲ್ಲ ಅನ್ನೋಕೆ ಬಾಯಿ ಬಾರದೆ ಸಾಹೇಬರು ನನ್ನ ಮುಖ ನೋಡಿದರು.

"ಹಾಲು ಹಾಕ್ರಿ, ಜೇನು ಹಾಕ್ರಿ" ಅಂದೆ. "ಮೊಸರು ಮಾತ್ರ ಬ್ಯಾಡ್ರಿ ಸ್ವಾಮಿ. ಇದು ಸುಣ್ಣದ ಕಲ್ಲು. ದಿನಾ ಹುಳಿ ತಾಗಿದ್ರೆ ಒಂದು ವರ್ಷದಾಗೆ ಚಕ್ರ ಎಲ್ಲ ಅಳಿಸಿ ಬೋಳಾಗ್ತೈತೆ."

ಅರ್ಚಕರು ಸುರುಳಿಯನ್ನ ಒಂದು ಸಲ, ನನ್ನನ್ನ ಒಂದು ಸಲ ನೋಡಿದರು. ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ಮೆಟ್ಟಿಲಿಳಿದರು.

"ಮೊಸರಿಗೆ ಹೆದರೋ ದೇವರನ್ನ ಕಟ್ಟಿಕೊಂಡು ನಾನೇನು ಮಾಡಲಿ? ನೀವೇ ಇಟ್ಕೊಳ್ಳಿ!"

ಕಸ ಯಾವುದು

ಇದನ್ನ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಬಸವಾಪಟ್ಟಣದ ಹತ್ತಿರ ಬಿಡಾರ ಇದ್ದಾಗ ಸಾಹೇಬರ ಗುರುಗಳು ಬರ್ತಾರೆ ಅಂತ ಕಾಗದ ಬಂತು. ವಯಸ್ಸಾದ ಪ್ರೊಫೆಸರು, ಈ ವಿದ್ಯೆಯಲ್ಲಿ ಅವರನ್ನ ಬಿಟ್ಟರಿಲ್ಲ. ಸಾಹೇಬರು ಪೆಟ್ಟಿಗೆಯಲ್ಲಿದ್ದ ಅತಿ ದೊಡ್ಡ ಚಿಪ್ಪು ಆರಿಸಿ, "ಇದರ ಮೇಲೆ ಒಂದು ಚೂರೂ ಉಳೀಬಾರದು ಆಚಾರಿ, ಎಲ್ಲ ತೆಗೆದುಬಿಡು" ಅಂದರು. ತೆಗೆದೆ. ಒಂಬತ್ತು ದಿನ. ಅದರ ಮೂಲೆಯಲ್ಲಿ ಜೇಡರಬಲೆಯಂಥ ಒಂದು ಜಾಲರಿ ಹಬ್ಬಿತ್ತು, ಅಕ್ಕಿಕಾಳಿನಷ್ಟು ದಪ್ಪ. ನೋಡೋಕೆ ಚೆಂದ ಇತ್ತು. ಕೇಳಿದೆ: "ಇದನ್ನೂ ತೆಗೀಲಾ ಸ್ವಾಮಿ?" "ಎಲ್ಲ ಅಂದರೆ ಎಲ್ಲ." ಅದನ್ನೂ ಎಬ್ಬಿಸಿದೆ. ನಾಜೂಕಾಗಿ ಒಂದೇ ಹಕ್ಕಳೆಯಾಗಿ ಬಂತು. ಕಸಕ್ಕೆ ಹಾಕಿದೆ.

ಪ್ರೊಫೆಸರು ಚಿಪ್ಪನ್ನ ಕೈಗೆ ತಗೊಂಡು ಭೂತಗನ್ನಡಿ ಹಿಡಿದರು. ಸಾಹೇಬರು ಹೊಗಳಿಕೆಗೆ ಕಾದ ಮದುಮಗನ ಹಾಗೆ ನಿಂತಿದ್ದರು.

"ಈ ಮೂಲೆಯಲ್ಲಿ ಜಾಲರಿ ಇದ್ದ ಗುರುತಿದೆ. ಎಲ್ಲಿ ಅದು?"

ನಾನು ಹಿತ್ತಿಲಿನ ಕಡೆ ನೋಡಿದೆ.

"ಈ ಚಿಪ್ಪು ಎಲ್ಲ ಕಡೆ ಸಿಗುತ್ತಪ್ಪ. ಆ ಜಾಲರಿ ಕಟ್ಟೋ ಪ್ರಾಣಿ ನಮ್ಮ ದೇಶದಲ್ಲಿ ಸಿಕ್ಕಿದ್ದನ್ನ ನಾನು ನೋಡೇ ಇಲ್ಲ. ಅದನ್ನ ತೆಗೆದ ಮಹಾರಾಯ ಯಾರು?"

ಸಾಹೇಬರು ನನ್ನ ಕಡೆ ತಿರುಗಿ ಗದರಿದರು:

"ನಾನು ನಿನಗೆ ಹೇಳಿದ್ದೆ ತಾನೆ, ಅದನ್ನ ಮುಟ್ಟಬೇಡ ಅಂತ?"

ಸೂಜಿ ಚುಚ್ಚಿಕೊಂಡರೆ ರಕ್ತವಾದರೂ ಬರುತ್ತದೆ. ಇದಕ್ಕೆ ಅದೂ ಬರಲಿಲ್ಲ. ಎದುರು ಮಾತಾಡಿದ್ದರೆ ಅವರ ಮಾನ ಹೋಗ್ತಿತ್ತು, ನನ್ನ ಕೆಲಸ ಹೋಗ್ತಿತ್ತು. "ತಪ್ಪಾಯ್ತು" ಅಂದೆ. ಆವತ್ತಿನಿಂದ ಅವರನ್ನ ಕಂಡರೆ ನನಗೆ ಮೊದಲಿನ ಹಾಗೆ ಆಗಲಿಲ್ಲ.

ಮೂರೂ ಜನ ಹಿತ್ತಿಲಿನ ಕಸದ ಗುಂಡಿಗೆ ಇಳಿದೆವು. ಪ್ರೊಫೆಸರು ಕೋಟು ಕಳಚಿ ಮಂಡಿಯೂರಿ ಬೂದಿ, ಬಾಳೆಎಲೆ, ಮೂಳಂಗಿ ಸಿಪ್ಪೆ ಎಲ್ಲ ಕೈಯಿಂದ ಜಾಲಾಡಿದರು. ಮಧ್ಯಾಹ್ನದ ಹೊತ್ತಿಗೆ ನನ್ನ ಕೈಗೇ ಅದು ಸಿಕ್ಕಿತು, ಒಂದು ಮೂಲೆಯೂ ಮುರಿದಿರಲಿಲ್ಲ.

"ಮತ್ತೆ ಅಂಟಿಸೋಕೆ ಬರುತ್ತೇನಯ್ಯ?" ಅಂದರು ಪ್ರೊಫೆಸರು.

ಅರಗು ಕರಗಿಸಿ, ಇದ್ದ ಜಾಗದಲ್ಲೇ ಕೂರಿಸಿ, ಅಂಚಿಗೆ ಒಂಚೂರು ಸುಣ್ಣದ ಪುಡಿ ಸವರಿದೆ. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಕಣ್ಣು ತುಂಬಿ ಬಂತು. ಸಾಹೇಬರ ಬೆನ್ನು ತಟ್ಟಿ ಹೇಳಿದರು:

"ಆಹಾ! ಈಗ ನೋಡು, ಎಷ್ಟು ಸಹಜವಾಗಿದೆ!"

ಜಗಳೂರಿನ ಸ್ನಾನ

ಜಗಳೂರಿಗೆ ಹೋದ ಮೇಲೆ ತಿಳಿದದ್ದು, ನನ್ನ ಕೆಲಸಕ್ಕೆ ಬೇಕಾದ್ದು ಸೂಜಿಗಿಂತ ಹೆಚ್ಚು ನೀರು ಅಂತ. ಆ ಊರಲ್ಲಿ ಸಿಹಿನೀರಿನ ಬಾವಿ ಮನೆಯಿಂದ ದೂರ. ದಿನಾ ಎರಡು ಕೊಡ ಹೊತ್ತು ತಂದು ಚಿಪ್ಪು ನೆನೆಹಾಕ್ತಿದ್ದೆ. ನೋಡಿ ನೋಡಿ ಹೆಂಗಸರಿಗೆ ಸಹಿಸಲಾಗಲಿಲ್ಲ. ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಒಬ್ಬ ಮುದುಕಿ ನನ್ನ ಕೊಡಕ್ಕೆ ಅಡ್ಡ ನಿಂತಳು.

"ಏನಪ್ಪಾ, ದಿನಾ ಎರಡು ಕೊಡ? ಮನೆಯಾಗೆ ಎಷ್ಟು ಮಂದಿ ಇದೀರಿ?"

ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. "ಕಲ್ಲು ನೆನೆಸಾಕೆ ಅಜ್ಜಿ" ಅಂದೆ. "ಅದರ ಮೈಮ್ಯಾಲೆ ಹಳೇ ಕಾಲದ ಹಕ್ಕಳೆ ಕಟ್ಟೈತೆ. ನೆನೆಸಿ, ಮೆತ್ತಗೆ ಮಾಡಿ, ನೋವಾಗದಂಗೆ ಬಿಡಿಸ್ತೀನಿ."

ಹೆಂಗಸರೆಲ್ಲ ಹಗ್ಗ ಬಿಟ್ಟು ನನ್ನ ಕಡೆ ತಿರುಗಿದರು. ಇವತ್ತು ಹೊಡೆತ ಬೀಳುತ್ತೆ ಅಂದುಕೊಂಡೆ. ಮುದುಕಿ ತಾನೇ ಹಗ್ಗ ಹಿಡಿದು ನನ್ನ ಕೊಡ ತುಂಬಿಸಿ ಕೊಟ್ಟಳು.

"ನಾಳೆ ನಮ್ಮ ಯಜಮಾನ್ರನ್ನೂ ಕಳಿಸ್ತೀನಿ. ನೀರು ಕಂಡು ವರ್ಷಾತು. ನೆನೆಸಿ, ಅದೇ ಸೂಜಿಯಾಗೆ ಅವರನ್ನೂ ಒಂದೀಟು ಬಿಡಿಸಿ ಕೊಡು."

ಹಳೇ ಸುಣ್ಣ

ಅದೇ ಜಗಳೂರಲ್ಲಿ ನಮಗೊಬ್ಬ ಅಡಿಗೆಯವನಿದ್ದ, ಕತ್ತಲಗೆರೆ ಕಡೆಯವನು. ಅಡಿಗೆಗಿಂತ ಎಲೆಅಡಿಕೆ ಮೇಲೆ ಅವನ ಧ್ಯಾನ. ಯುದ್ಧ ಶುರುವಾಗಿ ಒಂದೊಂದೇ ಸಾಮಾನು ಸಂತೆಯಲ್ಲಿ ಸಿಗದೆ ಹೋಗ್ತಿದ್ದ ಕಾಲ. ಒಂದು ದಿನ ನೋಡ್ತೀನಿ, ಮೂರನೇ ಪೆಟ್ಟಿಗೆಯಲ್ಲಿ ಇನ್ನೂ ಕೆರೆಯದೆ ಇಟ್ಟಿದ್ದ ಆರು ಚಿಪ್ಪು ಇಲ್ಲ. ಹಿತ್ತಿಲಿಗೆ ಓಡಿದೆ. ಬೆರಣಿ ಉರಿಯಲ್ಲಿ ಸುಟ್ಟು, ಮಡಕೆಯಲ್ಲಿ ನೀರು ಹಾಕಿ ಅರಳಿಸಿ, ಬೆಣ್ಣೆಯಂಥ ಸುಣ್ಣ ಮಾಡಿ ಡಬ್ಬಿಗೆ ತುಂಬಿಕೊಂಡಿದ್ದ.

"ಏನು ಮಾಡಿದೆಯೋ ಪಾಪಿ!" ಅಂತ ತಲೆ ಮೇಲೆ ಕೈ ಹೊತ್ತು ಕೂತೆ. "ಮನುಷ್ಯ ಹುಟ್ಟೋಕೆ ಮುಂಚಿನ ಚಿಪ್ಪು ಕಣೋ ಅವು!"

ಅವನು ಬಾಯಿ ತುಂಬ ಇದ್ದ ತಾಂಬೂಲವನ್ನ ನಿಧಾನವಾಗಿ ಒಂದು ದವಡೆಯಿಂದ ಇನ್ನೊಂದು ದವಡೆಗೆ ಹೊರಳಿಸಿದ. ಯೋಚನೆ ಮಾಡಿದ.

"ಹೌದೌದು. ನಾನೂ ಅದೇ ಅಂದ್ಕಂಡೆ. ಸ್ವಲ್ಪ ಮುಗ್ಗಲು ವಾಸನೆ ಐತೆ."

ಪುಸ್ತಕ

ಕೊನೆಗೆ ಕಂಪನಿ ಎಲ್ಲೂ ಏನೂ ಸಿಗದೆ ಡೇರೆ ಕಿತ್ತಿತು. ಸಾಹೇಬರು ಚಿಪ್ಪುಗಳನ್ನ ಹತ್ತಿಯಲ್ಲಿ ಸುತ್ತಿ, ಪೆಟ್ಟಿಗೆಗೆ ಮೊಳೆ ಹೊಡೆಸಿ, ಹೊರಡೋ ಮುಂಚೆ ನನ್ನ ಎರಡೂ ಕೈ ಹಿಡಿದುಕೊಂಡರು.

"ಇವುಗಳ ಮೇಲೆ ಪುಸ್ತಕ ಬರೀತೀನಿ ಆಚಾರಿ. ನಿನ್ನ ಕೆಲಸ ಪ್ರಪಂಚಕ್ಕೆ ಗೊತ್ತಾಗುತ್ತೆ."

ನ್ಯಾಮತಿಗೆ ವಾಪಸು ಬಂದು ಅಂಗಡಿ ಬೀಗ ತೆಗೆದೆ. ಗಿರಾಕಿಗಳೆಲ್ಲ ಬೇರೆ ಅಂಗಡಿ ಹಿಡಿದಿದ್ದರು. ಅದನ್ನಾದರೂ ತಡೆದುಕೊಳ್ತಿದ್ದೆ. ಒಂದು ಮೂಗುಬೊಟ್ಟಿಗೆ ಹರಳು ಕೂರಿಸೋಕೆ ಕೂತೆ, ಹರಳು ಎರಡೆರಡಾಗಿ ಕಂಡಿತು. ಆ ಸೂಜಿ, ಆ ಭೂತಗನ್ನಡಿ, ನನ್ನ ಕಣ್ಣನ್ನ ತೆಗೆದುಕೊಂಡಿದ್ದವು. ಸಣ್ಣ ಕೆಲಸ ಬಿಟ್ಟೆ. ಕೊಡಕ್ಕೆ ಬೆಸುಗೆ ಹಾಕೋದು, ತಾಮ್ರದ ಬೋಸಿಯ ತೂತು ಮುಚ್ಚೋದು, ಇಷ್ಟಕ್ಕೆ ಬಂದೆ. ಹೆಂಡತಿ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಪುಸ್ತಕ ಬರ್ತದೆ, ನೋಡು ಅಂತ ನಾನೇ ಅವಳಿಗೆ ಹೇಳಿಕೊಂಡು ತಿರುಗಿದೆ. ಬೀದಿಗೂ ಹೇಳಿದೆ.

ಯುದ್ಧ ಮುಗಿದ ಮೇಲೆ ನಿಜವಾಗಿ ಬಂತು. ದಪ್ಪ ಕಾಗದದ ಕಟ್ಟು, ಒಳಗೆ ಇಂಗ್ಲಿಷ್ ಪುಸ್ತಕ, ಮೊದಲ ಹಾಳೆಯಲ್ಲಿ ಸಾಹೇಬರ ಕೈಬರಹದಲ್ಲಿ ಕನ್ನಡದಲ್ಲಿ 'ಪ್ರೀತಿಯಿಂದ' ಅಂತ. ಇಂಗ್ಲಿಷ್ ಬಲ್ಲ ಮೇಷ್ಟರನ್ನ ಮನೆಗೆ ಕರೆದೆ. ಬೀದಿಯ ಏಳೆಂಟು ಜನ ಜಗಲಿ ಮೇಲೆ ಬಂದು ಕೂತರು. ಹೆಂಡತಿ ಒಳಗೆ ರೊಟ್ಟಿ ಬಡಿತಾ ಇದ್ದಳು, ಆದರೆ ಬಡಿಯೋ ಸದ್ದು ಸಣ್ಣದಾಗಿತ್ತು. ಕಿವಿ ಇತ್ತಲೇ ಇತ್ತು ಅಂತ ಅರ್ಥ.

ಚಿತ್ರಗಳಿದ್ದವು. ಕಣ್ಣು ಮಂಜಾದರೂ ಬೆರಳಿಗೆ ನೆನಪಿತ್ತು. ಇದಕ್ಕೆ ಎಂಟು ದಿನ, ಇದಕ್ಕೆ ಹದಿನಾಲ್ಕು, ಇದರ ಕಿವಿ ಹತ್ತಿರ ಬಿರುಕಿತ್ತು, ಅರಗು ಕುಡಿಸಿದ್ದೆ. ಎಲ್ಲರಿಗೂ ತೋರಿಸಿದೆ. "ಇದೆಲ್ಲ ನಿನ್ನ ಕೈ ಕೆಲಸಾನಾ!" ಅಂತ ಎದುರುಮನೆಯವರು ಬಾಯಿ ಮೇಲೆ ಬೆರಳಿಟ್ಟರು.

"ನನ್ನ ಹೆಸರು ಎಲ್ಲೈತೆ ಹುಡುಕ್ರಿ ಮೇಷ್ಟ್ರೇ."

ಮೇಷ್ಟರು ಮುಂದಿನಿಂದ ಹುಡುಕಿದರು. ಹಿಂದಿನಿಂದ ಹುಡುಕಿದರು. ವಂದನೆ ಹೇಳಿದ ಪುಟದಲ್ಲಿ ಪ್ರೊಫೆಸರು ಇದ್ದರು, ಕಂಪನಿ ಇತ್ತು, ಪೆಟ್ಟಿಗೆ ಸಾಗಿಸಿದ ಗಾಡಿಯವರೂ ಇದ್ದರು. ಕೊನೆಗೆ ಒಂದು ಪುಟದಲ್ಲಿ ಅವರ ಬೆರಳು ನಿಂತಿತು. ಓದಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಓದಿದರು.

"ಕೆಲಸದ ವಿಷಯ ಬರೆದಿದ್ದಾರೆ ಕಣಯ್ಯ" ಅಂದರು, ನನ್ನ ಮುಖ ನೋಡದೆ.

"ಏನಂತ? ದೊಡ್ಡಕೆ ಓದ್ರಿ, ಎಲ್ಲರೂ ಕೇಳ್ಲಿ."

"ಹ್ಞೂಂ... 'ಈ ಚಿಪ್ಪುಗಳ ಮೇಲೆ ಬೆಳೆದಿದ್ದ ಹಕ್ಕಳೆಯೆಲ್ಲ ಒಂದು ಗೀರೂ ಬೀಳದಂತೆ ಬಿಟ್ಟುಹೋಗಿರುವುದು ನಮ್ಮ ಭಾಗ್ಯ. ಬಹುಕಾಲದ ಗಾಳಿ ಮತ್ತು ಮಳೆ ಈ ಕೆಲಸ ಮಾಡಿವೆ. ಇಂಥ ನಾಜೂಕು ಮನುಷ್ಯರ ಕೈಗೆ ಸಾಧ್ಯವಿಲ್ಲ.'"

ಮೇಷ್ಟರು ಸಮಾಧಾನಕ್ಕೆ, "ಹೊಗಳಿದ್ದೇನೋ ನಿಜ, ಬಹಳ ಹೊಗಳಿದ್ದಾರೆ" ಅಂದರು. ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡೆ. ಏಳೋಕೂ ಆಗದೆ ಕೂರೋಕೂ ಆಗದೆ ಇದ್ದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಎಲ್ಲರೆದುರು ಅತ್ತುಬಿಡ್ತೀನಿ ಅನ್ನೋ ಹೊತ್ತಿಗೆ ಒಳಗಿಂದ ಹೆಂಡತಿಯ ದನಿ ಬಂತು.

"ರೀ, ಗಾಳಿ ಮತ್ತು ಮಳೆ! ಇಬ್ರೂ ಕೈ ತೊಳ್ಕಂಡು ಒಳಗೆ ಬರ್ರಿ, ರೊಟ್ಟಿ ಆರ್ತಾವೆ!"